ಎಣ್ಣೆ ಹಚ್ಚದ ತಲೆಗೆ ಪ್ರವೇಶವಿಲ್ಲ

ಎಣ್ಣೆ ಹಚ್ಚದ ತಲೆ ಸಿಡಿಮದ್ದಿನ ಕೋಣೆಯೊಳಗೆ ಬರಕೂಡದು. ಯಾರದೇ ಆಗಲಿ. ಬಾಗಿಲ ಮೇಲೆ ನಾಲ್ಕು ಭಾಷೆಯಲ್ಲಿ ಇದನ್ನು ಬರೆಸಿದವನು ನಾನು. ಪುಣೆಯಿಂದ ಭೋರಿಗೆ ಹೋಗುವ ದಾರಿಯ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿ. ಚಳಿಗಾಲದ ಒಣ ಹವೆಗೆ ಎಣ್ಣೆಯಿಲ್ಲದ ಕೂದಲು ಬಾಚಿದರೆ ಚಟಚಟ ಕಿಡಿ ಹಾರುತ್ತದೆ. ಮನೆಯಲ್ಲಿ ಅದು ತಮಾಷೆ. ಮದ್ದಿನ ಪುಡಿಯ ಪಕ್ಕ ಅಂಥ ಒಂದೇ ಕಿಡಿ ಸಾಕು. ಆದರೂ ಡಿಸೆಂಬರ್ ಬಂತೆಂದರೆ ಈ ನಿಯಮ ಮುರಿಯದವರನ್ನು ನಾನು ಹುಡುಕಬೇಕಾಗುತ್ತದೆ.

೧. ಮರ್ಯಾದೆ

ಒಂದು ಬೆಳಿಗ್ಗೆ ಸೂಪರ್‌ವೈಸರ್ ಬಾಗಿಲಲ್ಲೇ ತನ್ನ ಮಂಕಿ ಕ್ಯಾಪ್ ಸರ್ರನೆ ಎಳೆದು ತೆಗೆದ. ಕೂದಲೆಲ್ಲ ನೆಟ್ಟಗೆ ನಿಂತಿತು. ಒಳಗೆ ಕಾಲಿಡಲಿದ್ದವನನ್ನು ತಡೆದು, "ಏನಿದು?" ಅಂದೆ.

"ಸಾಹೇಬ್ರು ಬಂದ್ರಲ್ರಿ, ಎದ್ದು ನಿಂತಾವ್ರಿ."

೨. ಬಾಟಲಿ

ಬಾಗಿಲಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಇಡಿಸಿದೆ. ವಾರದ ನಂತರ ನೋಡಿದರೆ ಎಣ್ಣೆ ಒಂದು ಬೆರಳೂ ಇಳಿದಿಲ್ಲ! ಮರೆಯಲ್ಲಿ ನಿಂತು ಗಮನಿಸಿದೆ. ಬಂದವರೆಲ್ಲ ಬಾಟಲಿ ಎತ್ತಿ ನೆತ್ತಿಗೊಮ್ಮೆ ಮುಟ್ಟಿಸಿ, ಕೈ ಮುಗಿದು ಒಳಗೆ ಹೋಗುತ್ತಿದ್ದಾರೆ. ಒಬ್ಬನನ್ನು ಹಿಡಿದೆ.

"ಎಣ್ಣೆ ಹಚ್ಚಿದೆಯೇನಯ್ಯಾ?"

"ಥಂಡಿಗೆ ಗಡ್ಡಿ ಕಟ್ಟೇದ್ರಿ, ಹೊರಗ ಬರವಲ್ದು. ಬಾಟ್ಲಿ ಹಚ್ಚೀನ್ರಿ, ಎಣ್ಣಿ ಅದರೊಳಗ ಅದ."

ಆವತ್ತಿನಿಂದ ಬಾಟಲಿಯನ್ನು ಬಾಗಿಲು ಕಾಯುವ ಯಾದಗಿರಿ ಕಡೆಯ ಹೆಂಗಸಿನ ವಶಕ್ಕೆ ಕೊಟ್ಟೆ. ಆಕೆ ಅದನ್ನು ಸೊಂಟಕ್ಕೆ ಕಟ್ಟಿಕೊಂಡಳು. ಮೈಕಾವಿಗೆ ಎಣ್ಣೆ ಮತ್ತೆ ಗಟ್ಟಿಯಾಗಲಿಲ್ಲ.

೩. ಮಾಲೀಕರು

ಆಕೆಯದು ಹಂಗಾಮಿ ಕೆಲಸ. ಕಾಯಂ ಮಾಡುವ ಕಾಗದಕ್ಕೆ ಮಾಲೀಕರು ಸಹಿ ಹಾಕಬೇಕಿದ್ದ ದಿನವೇ ಅವರು ಮದ್ದಿನ ಕೋಣೆ ನೋಡಲು ಬಂದರು. ಸಲೂನಿನಿಂದ ನೇರವಾಗಿ ಬಂದಿದ್ದರು. ಕೂದಲು ಹತ್ತಿಯಂತೆ ಉಬ್ಬಿತ್ತು.

ಆಕೆ ಬಾಗಿಲಿಗೆ ಅಡ್ಡ ನಿಂತು ಬಾಟಲಿ ಚಾಚಿದಳು.

ಮಾಲೀಕರು ಹುಬ್ಬೇರಿಸಿ, ತಾನು ಮಾಲೀಕನೆಂದು ಮರಾಠಿಯಲ್ಲಿ ದಬಾಯಿಸಿದರು. "ಬಾಯಿ, ಮೀ ಮಾಲಕ್ ಆಹೇ!"

ಆಕೆ ಕದಲಲಿಲ್ಲ. ಅವರು ನನ್ನತ್ತ ನೋಡಿದರು. ಹೇಳಲು ನಾಚಿಕೆಯಾಗುತ್ತದೆ, ನಾನು ತಗ್ಗಿದ ದನಿಯಲ್ಲಿ, "ಇವತ್ತೊಂದು ದಿನ ಬಿಡಮ್ಮ. ನಿನ್ನ ಕಾಗದ ಅವರ ಕೈಯಲ್ಲಿದೆ" ಅಂದೆ.

"ಒಳಗ ಆರು ಮಂದಿ ಹೆಣ್ಮಕ್ಕಳು ಮದ್ದು ತುಂಬಾಕತ್ತಾರ, ಸಾಹೇಬ್ರ. ಮಾಲಕ್ ಯಾರು, ಕೂಲಿ ಯಾರು, ಕಿಡಿಗೇನ್ ಗೊತ್ತಾಗ್ತದ?"

ಮಾಲೀಕರು ಬಾಗಿಲ ಮೇಲಿನ ಬರಹ ಓದಿದರು. ಕೊನೆಗೆ ಬಾಟಲಿಗೆ ಕೈ ಚಾಚಿದರು.

ಆಕೆ ಕೊಡಲಿಲ್ಲ. "ನಿಮಗ ಬರೂದಿಲ್ರಿ, ಬಗ್ಗರಿ" ಅಂದವಳೇ ಅಂಗೈ ತುಂಬ ಎಣ್ಣೆ ಸುರಿದುಕೊಂಡು, ಮಾಲೀಕರ ನೆತ್ತಿಗೆ ಕೂಸಿಗೆ ತಟ್ಟುವಂತೆ ತಟ್ಟಿ ತಟ್ಟಿ ಇಂಗಿಸಿದಳು. ಆಮೇಲೆ ನನ್ನ ತಲೆ ಮೂಸಿ ನೋಡಿ, ಮತ್ತೆ ಬಾಟಲಿ ಬಗ್ಗಿಸಿದಳು.