ಕಾರ್ಡಿಗೆ ಬಾರದ ಕಿವಿ

ಬೇರೆಯವರ ಮನೆಗೆ ಕಾಯಿಲೆ ಬಂದರೆ ಬರೀ ಕಾಯಿಲೆ ಬರುತ್ತದೆ. ನಮ್ಮ ಮನೆಗೆ ಬರುವಾಗ ಮಾತ್ರ ಅದು ಜೊತೆಗೊಂದು ಫಜೀತಿಯನ್ನೂ ಕರೆದುಕೊಂಡೇ ಬರುತ್ತದೆ. ನಾನು ಖಾಸಗಿ ಬಸ್ಸಿನ ಕಂಡಕ್ಟರ್. ಕುಷ್ಟಗಿ, ಗಂಗಾವತಿ, ಕೊಪ್ಪಳ ಎಂದು ಕೂಗಿ ಕೂಗಿ ಗಂಟಲು ಬೆಳೆಸಿದವನು. ಅಂಥವನ ಹೆಂಡತಿಗೆ ಕಿವಿ ಕೇಳಿಸದಂತಾಯಿತು. "ನಿನ್ನ ಜೋಡಿ ಬಾಳೇ ಮಾಡಬೇಕಂದ್ರ ಹಂಗ ಆಗಬೇಕಪ್ಪ" ಎಂದು ಜನ ನಕ್ಕರು. ನಾನೂ ನಕ್ಕೆ. ನಗದೆ ಇನ್ನೇನು ಮಾಡುವುದು?

ಹಂಚಿನ ರೊಟ್ಟಿ

ನಮ್ಮ ಮನೆ ಯಲಬುರ್ಗಾ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದೆ. ಮಧ್ಯಾಹ್ನ ಬಸ್ಸು ಸ್ಟ್ಯಾಂಡಿಗೆ ತಿರುಗುವಾಗ ನಾನು ಬಾಗಿಲಲ್ಲಿ ಜೋತುಬಿದ್ದು "ಯಲಬುರ್ಗಾ ಇಳೀರಿ, ಯಲಬುರ್ಗಾ!" ಎಂದು ಕೂಗುವುದು ಮನೆಗೆ ಕೇಳಿಸುತ್ತಿತ್ತು. ಕೇಳಿಸಿದ ಕೂಡಲೇ ಅವಳು ರೊಟ್ಟಿ ತಟ್ಟಿ ಹಂಚಿಗೆ ಹಾಕುತ್ತಿದ್ದಳು. ನಾನು ಕಾಲು ತೊಳೆದು ಕೂರುವುದಕ್ಕೂ ಬಿಸಿ ರೊಟ್ಟಿ ತಾಟಿಗೆ ಬೀಳುವುದಕ್ಕೂ ಸರಿಹೋಗುತ್ತಿತ್ತು. ಮದುವೆಯಾದಾಗಿನಿಂದ ನಮ್ಮ ಮನೆಯ ಗಡಿಯಾರ ಅದೇ.

ಒಂದು ದಿನ ಹೋದರೆ ಒಲೆಯೇ ಹೊತ್ತಿಲ್ಲ. "ಇವತ್ತ ಬಸ್ ಲಗೂನ ಬಂತೇನ್ರಿ?" ಎಂದಳು. ಮರುದಿನವೂ ಹಾಗೇ ಆಯಿತು. ನಾನು ಇನ್ನೂ ಜೋರಾಗಿ ಕೂಗತೊಡಗಿದೆ. ಓಣಿಯ ಹೆಣ್ಣುಮಕ್ಕಳು ಬಂದು, "ಯಣ್ಣಾ, ಮಲಗಿದ ಕೂಸುಗಳು ಎದ್ದು ಅಳ್ತಾವು, ಸಾವಕಾಶ ಕೂಗು" ಎಂದು ಬೈದು ಹೋದರು. ಇಡೀ ಓಣಿಗೆ ಕೇಳಿಸಿತ್ತು. ಯಾರಿಗೆ ಕೇಳಿಸಬೇಕಿತ್ತೋ ಅವಳೊಬ್ಬಳು ಒಳಗೆ ಕಾಳು ಆರಿಸುತ್ತ ಕುಳಿತಿದ್ದಳು. ಕೊನೆಗೆ ಅವಳೇ ನನ್ನನ್ನು ಮರುಕದಿಂದ ನೋಡಿ ಹೇಳಿದಳು: "ನಿಮ್ಮ ಗಂಟಲಾ ಕೆಟ್ಟೈತಿ. ಒಮ್ಮೆ ತೋರಿಸ್ಕೋರಿ."

ಸಂತೆಯ ಡಾಕ್ಟರು

ಸರ್ಕಾರದ ಆರೋಗ್ಯ ಕಾರ್ಡು ನಮ್ಮಲ್ಲಿತ್ತು. ಆ ಕಾರ್ಡು ನಡೆಯುವ ಕಡೆ ಇರುವ, ಕಿವಿ ಪರೀಕ್ಷೆಯನ್ನೇ ಓದಿದವರು ಬೇಕಿತ್ತು. ಅವರಿಗೆ ಆಡಿಯಾಲಜಿಸ್ಟ್ ಅನ್ನುತ್ತಾರೆಂದು ಔಷಧಿ ಅಂಗಡಿಯವ ಹೇಳಿಕೊಟ್ಟ. ಕಂಡಕ್ಟರನಿಗೊಂದು ಅನುಕೂಲ ಇರುತ್ತದೆ, ನಾನು ಬಸ್ಸಿನಲ್ಲೇ ವಿಚಾರಿಸತೊಡಗಿದೆ. "ಟಿಕೆಟ್ ಯಾರ‍್ದು ಆಗಿಲ್ಲ? ಕಿವಿ ಡಾಕ್ಟರ್ ಯಾರಿಗೆ ಗೊತ್ತೈತಿ?" ಕುಷ್ಟಗಿಯವರು ಗಂಗಾವತಿಗೆ ಹೋಗು ಎಂದರು, ಗಂಗಾವತಿಯವರು ಕೊಪ್ಪಳಕ್ಕೆ, ಕೊಪ್ಪಳದವರು ಹುಬ್ಬಳ್ಳಿಗೆ. ತಾವರಗೇರಾದ ಹಿರಿಯರೊಬ್ಬರು ಮಾತ್ರ, "ನಮ್ಮ ಸಂತ್ಯಾಗ ಒಬ್ಬಾಂವ ಬರ್ತಾನ, ಭಾಳ ಹಳಬ" ಎಂದು ಖಾತ್ರಿಯಾಗಿ ಹೇಳಿದರು.

ಕರೆದುಕೊಂಡು ಹೋದೆ. ಕೈಯಲ್ಲಿ ಕಡ್ಡಿ, ಪಕ್ಕದಲ್ಲಿ ಎಣ್ಣೆ ಬಾಟಲಿ, ಕಿವಿಯ ಮೇಲೆ ಸಿಕ್ಕಿಸಿಕೊಂಡ ಹತ್ತಿ. ಸಂತೆಯಲ್ಲಿ ಕಿವಿಯ ಗುಗ್ಗೆ ತೆಗೆಯುವವನು ಅವನು. "ನಮಗ ಓದಿದೋರು ಬೇಕಾಗಿತ್ತಪ್ಪ" ಎಂದೆ. "ಓದಿದೋರೂ ನನ್ನ ಕಡೇನ ಬರ್ತಾರ, ಕುಂದರ್ರಿ" ಎಂದ. "ಸರ್ಕಾರದ ಕಾರ್ಡ್ ನಡೀತೈತೇನು?" ಎಂದು ಕಾರ್ಡು ಮುಂದೆ ಹಿಡಿದೆ. ಅವನು ಅದನ್ನು ಇಸಿದುಕೊಂಡು, ಅಂಚಿನ ಮೇಲೆ ಬೆರಳಾಡಿಸಿ, ಒಮ್ಮೆ ಅವಳ ಕಿವಿಯನ್ನೂ ನೋಡಿ ವಾಪಸು ಕೊಟ್ಟ. "ಇದು ದಪ್ಪ ಆತ್ರಿ. ಕಡ್ಡೀನ ಛಲೋ."

ಖಾಲಿ ಮಂಚ

ಗಂಗಾವತಿಯ ಒಂದು ಆಸ್ಪತ್ರೆಯ ಬಾಗಿಲಿಗೆ ಕಾರ್ಡು ನಡೆಯುತ್ತದೆಂದು ಬೋರ್ಡು ಹಾಕಿದ್ದರು. ಒಳಗೆ ಕೌಂಟರಿನವರು, "ಅಡ್ಮಿಟ್ ಆದೋರಿಗೆ ಅಷ್ಟ ರಿ. ಕಿವಿ ಕೇಳವಲ್ದು ಅಂತ ಯಾರೂ ಅಡ್ಮಿಟ್ ಮಾಡ್ಕೊಳ್ಳೂದಿಲ್ಲ" ಎಂದರು. ನಾನು ಅಂಗೈಯನ್ನು ಕೆನ್ನೆಗಿಟ್ಟು, ಮಲಗಿದವರಿಗೆ ಮಾತ್ರವಂತೆ ಎಂದು ಅವಳಿಗೆ ಸನ್ನೆ ಮಾಡಿ, ಮತ್ತೆ ಕೌಂಟರಿನವರ ಜೊತೆ ವಾದಕ್ಕಿಳಿದೆ.

ಹೊರಳಿ ನೋಡಿದರೆ ಅವಳಿಲ್ಲ. ಎದುರಿನ ವಾರ್ಡಿನ ಖಾಲಿ ಮಂಚದ ಮೇಲೆ ಸೆರಗು ಹೊದ್ದು ಮಲಗಿದ್ದಾಳೆ, ಚಪ್ಪಲಿ ಮಂಚದ ಕೆಳಗೆ. ನರ್ಸು ಬಂದು ಹೆಗಲು ಅಲುಗಾಡಿಸಿದರೆ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಯಾವ ರೋಗ ಬೇಕೋ ಅದನ್ನ ಬರಕೋರಿ ಯವ್ವಾ."

ಕುಬಸದ ಹಾಡು

ಇದನ್ನು ನಗುವ ಸಂಗತಿಗಳಲ್ಲಿ ಸೇರಿಸಬೇಕೋ ಬೇಡವೋ ನನಗೆ ಗೊತ್ತಿಲ್ಲ. ಅಲ್ಲಿದ್ದವರೆಲ್ಲ ನಕ್ಕಿದ್ದಂತೂ ನಿಜ. ಕುಕನೂರಿನಲ್ಲಿ ಅವಳ ತಂಗಿಯ ಮಗಳ ಕುಬಸ, ಅಂದರೆ ಬಸುರಿಗೆ ಮಾಡುವ ಸೀಮಂತ. ಸೋಬಾನೆಗೆ ಇವಳೇ ಆಗಬೇಕು, ಕಣ್ಣು ಮುಚ್ಚಿ ಹಾಡುವುದು ಇವಳ ರೂಢಿ. ಹಾಡು ಮುಗಿದು ಜೊತೆಯವರು ನಿಲ್ಲಿಸಿದರು, ಇವಳಿಗೆ ತಿಳಿಯಲಿಲ್ಲ. ಮೊದಲಿನಿಂದ ಮತ್ತೆ ಶುರು ಮಾಡಿದಳು. ಆರತಿಯಾಯಿತು, ಊಟಕ್ಕೆ ಎಲೆ ಹಾಕಿದರು, ಇವಳೊಬ್ಬಳೇ ಹಾಡುತ್ತಿದ್ದಾಳೆ. ಹೆಣ್ಣುಮಕ್ಕಳು ಬಾಯಿಗೆ ಸೆರಗು ಒತ್ತಿಕೊಂಡರು. ತಂಗಿ ಬಂದು ಕೈ ಹಿಡಿದಾಗ ಕಣ್ಣು ತೆರೆದು ಎಲ್ಲರ ಮುಖ ನೋಡಿದಳು. ಆಮೇಲೆ ತಾನೂ ನಕ್ಕಳು. "ಹುಟ್ಟೂ ಕೂಸಿನ ಕುಬಸಕ್ಕೂ ಸೇರಿಸಿ ಹಾಡೀನಿ ತೊಗೋರಿ" ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಅದು ನನ್ನ ಬಸ್ಸೂ ಅಲ್ಲ, ಆದರೂ ಟಿಕೆಟ್ ಕೊಡುವವನ ಹಾಗೆ ಎದ್ದು ಹಿಂದಕ್ಕೆ ಹೋಗಿ ನಿಂತೆ. ಅವಳು ಮತ್ತೆ ಯಾರ ಕಾರ್ಯದಲ್ಲೂ ಹಾಡಲಿಲ್ಲ.

ಎತ್ತಿದ ಬೆರಳು

ಕೊಪ್ಪಳದಲ್ಲಿ ಕಡೆಗೂ ಕಾರ್ಡು ನಡೆಯುವ ಒಂದು ಕಡೆ ಸಿಕ್ಕಿತು. ಅಲ್ಲಿಯ ಡಾಕ್ಟರು ಊರಲ್ಲಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಇವಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸಪ್ಪಳ ಕೇಳಿಸಿದಾಗ ಬೆರಳೆತ್ತಬೇಕೆಂದು ತೋರಿಸಿಕೊಟ್ಟಳು. ಇವಳು ಪ್ರತಿ ಸಲವೂ ಎತ್ತಿದಳು. "ಕಿವಿ ಛಲೋ ಅದಾವ್ರಿ, ಕಾರ್ಡಿಗೆ ಬರೂದಿಲ್ಲ" ಎಂದು ರಿಪೋರ್ಟು ಕೊಟ್ಟು ಕಳಿಸಿದರು.

ಹೊರಗೆ ಬಂದು ಹಣೆ ಹಣೆ ಬಡಿದುಕೊಂಡೆ. "ನಿನಗ ಖರೇನ ಕೇಳಿಸಿತೇನು?" ಎಂದು ಅವಳ ಬಲಗಿವಿಯ ಹತ್ತಿರ ಕೂಗಿದೆ.

"ಎಲ್ಲಿ ಕೇಳಿಸ್ತೈತ್ರಿ! ಆ ಹುಡುಗಿ ಗುಂಡಿ ಒತ್ತಿ ಒತ್ತಿ ನನ್ನ ಮಾರಿ ನೋಡಾಕತ್ತಿತ್ತು. ಹೊಸಾ ನೌಕರಿ, ಪಾಪ. ಒಂದೂ ಕೇಳವಲ್ದು ಅಂದ್ರ ಅಕಿಗೆ ಬೈಯೂದಿಲ್ಲೇನು?"

ಮೊದಲ ಮಾತು

ಕೊಪ್ಪಳದ ಸರ್ಕಾರಿ ಆಸ್ಪತ್ರೆಗೆ ವಾರಕ್ಕೊಮ್ಮೆ ಓದಿದ ಆಡಿಯಾಲಜಿಸ್ಟ್ ಬರುತ್ತಾರೆಂದು, ಕಾರ್ಡೂ ನಡೆಯುತ್ತದೆಂದು ಕೊನೆಗೊಮ್ಮೆ ಒಬ್ಬ ಪ್ರಯಾಣಿಕರು ಹೇಳಿದರು. ಹೋದೆವು. ಆಡಿಯಾಲಜಿಸ್ಟ್ ಗಂಗಾವತಿ ಕಡೆಯ ಹೆಣ್ಣುಮಗಳು. ಬೆರಳೆತ್ತಿದ ಕಥೆ ಕೇಳಿ ನಕ್ಕು, ಇವಳ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಸಪ್ಪಳ ಏರುತ್ತ ಏರುತ್ತ ಹೆಡ್‌ಫೋನಿನಿಂದ ಹೊರಗೂ ಸಣ್ಣಗೆ ಕೇಳಿಸತೊಡಗಿತು. ಅವಳ ಕೈ ಮಡಿಲಲ್ಲೇ ಇತ್ತು. ಬಸ್ಸಿಗೆ ಕಾಯುವವಳ ಹಾಗೆ ಗೋಡೆ ನೋಡುತ್ತ ಕುಳಿತಿದ್ದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

"ಎಡಗಿವಿ ಪೂರಾ ಹೋಗೈತ್ರಿ ಕಾಕಾ. ಬಲಗಿವಿ ಸ್ವಲ್ಪ ಉಳದೈತಿ, ಅದೂ ಎಷ್ಟು ದಿನಾನೋ. ಮೊದ್ಲ ಬರಬೇಕಾಗಿತ್ತು" ಎಂದರು ಆಕೆ.

"ಎಲ್ಲಿಗೆ ಬರಬೇಕಾಗಿತ್ರಿ ಯವ್ವಾ?" ಎಂದೆ. ಅವರು ಕನ್ನಡಕ ಒರೆಸಿಕೊಂಡು ಕಾರ್ಡಿಗಾಗಿ ಕೈ ಚಾಚಿದರು.

ಕಾರ್ಡಿನ ಮೇಲೆ ಕಿವಿಗೆ ಹಾಕುವ ಮಶೀನು ಮಂಜೂರಾಯಿತು. ಅದು ಬರುವವರೆಗೆ ನನಗೆ ಒಂದೇ ಯೋಚನೆ, ಅವಳಿಗೆ ಮೊದಲು ಏನು ಕೇಳಿಸಬೇಕು? ಅದೇ ಗುಂಗಿನಲ್ಲಿ ಜನರನ್ನು ಅವರ ಸ್ಟಾಪು ದಾಟಿಸಿ ಬೈಸಿಕೊಂಡೆ. ಕಡೆಗೆ "ಯಲಬುರ್ಗಾ ಇಳೀರಿ" ಎಂದೇ ಕೂಗುವುದೆಂದು ನಿಶ್ಚಯ ಮಾಡಿಕೊಂಡೆ.

ಮಶೀನು ಬಲಗಿವಿಗೆ ಕೂತಿತು. "ಕಾಕಾ, ಮೊದ್ಲ ನೀವ ಮಾತಾಡ್ರಿ. ಅಲ್ಲೀತನಕ ಯಾರೂ ಮಾತಾಡಬ್ಯಾಡ್ರಿ" ಎಂದು ಆಡಿಯಾಲಜಿಸ್ಟ್ ನನಗೂ ನರ್ಸಿಗೂ ಹೇಳಿ ಬಾಗಿಲು ಮುಚ್ಚಿ, ಆಮೇಲೆ ಮಶೀನಿನ ಗುಂಡಿ ಒತ್ತಿದರು. ಅವಳು ರೂಢಿಯಂತೆ ನನ್ನ ಬಾಯಿಯನ್ನೇ ನೋಡುತ್ತ ಕುಳಿತಳು. ನಾನು ಬಾಯಿ ತೆರೆದೆ. ಬಸ್ ಸ್ಟ್ಯಾಂಡನ್ನೇ ನಡುಗಿಸುತ್ತಿದ್ದ ದನಿ ಹೊರಡಲಿಲ್ಲ. ಮತ್ತೆ ತೆರೆದೆ, ತುಟಿ ಆಡಿದವು, ಕಣ್ಣಿಂದ ನೀರಿಳಿಯಿತು.

ಅವಳಿಗೆ ನನ್ನ ತುಟಿ ಆಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಮಶೀನನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಸೆರಗಿನಿಂದ ನನ್ನ ಮುಖ ಒರೆಸುತ್ತ ಸಮಾಧಾನ ಹೇಳಿದಳು:

"ಕೆಟ್ಟದ್ದು ಕೊಟ್ಟಾರ, ಹೋಗ್ಲಿ ಬಿಡ್ರಿ. ಅದಕ್ಯಾಕ ಅಳ್ತೀರಿ? ಕಾರ್ಡಿನ ಮ್ಯಾಲ ಬಂದದ್ದು, ನಮ್ಮದೇನು ಹೋಗೈತಿ?"