ನನ್ನ ಸಕ್ಕರೆ ನೋಡುವವರು

ತೋಳಿಗೆ ಬಿಲ್ಲೆ ಅಂಟಿಸಿಕೊಂಡ ಮೇಲೆ ನನಗೆ ವಾರಕ್ಕೊಂದು ಫಜೀತಿ ಗ್ಯಾರಂಟಿ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲು ಬಡಿಯುತ್ತದೆ. ಹಾಗೆ ನೋಡಿದರೆ ನನ್ನ ಬಾಗಿಲು ಬಡಿಯುವುದು ಈ ಫಜೀತಿಗಳಷ್ಟೇ.

ಬಿಲ್ಲೆ ಅಂದರೆ ಸಕ್ಕರೆ ಕಾಯಿಲೆಯವರಿಗೆ ಬಂದಿರುವ ಹೊಸ ಸೆನ್ಸರ್. ತೋಳಿನ ಹಿಂಬದಿಗೆ ಅಂಟಿಸಿದರೆ ಸಾಕು, ಮೈಯೊಳಗೆ ಸಕ್ಕರೆ ಎಷ್ಟಿದೆ ಎಂದು ಮೊಬೈಲಿಗೆ ಹೇಳುತ್ತಲೇ ಇರುತ್ತದೆ. ಇಳಿದರೆ ಒದರುತ್ತದೆ, ಏರಿದರೂ ಒದರುತ್ತದೆ. ಸರಿ ಇದ್ದಾಗ ಮಾತ್ರ ಸುಮ್ಮನಿರುತ್ತದೆ. ಹಾಗಾಗಿ ನನ್ನ ಹತ್ತಿರ ಅದು ಸುಮ್ಮನಿದ್ದದ್ದು ಕಡಿಮೆ.

ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ಲಾರಿ ಕ್ಲೀನರ್ ಆದೆ, ಲಾಡ್ಜಿನಲ್ಲಿ ಚಾದರ ಒಗೆದೆ, ಮಂಟಪದವರ ಜೊತೆ ಬಿದಿರು ಹೊತ್ತೆ. ಈಗ ಗ್ಯಾಸ್ ಶೆಗಡಿ, ಕುಕ್ಕರ್ ರಿಪೇರಿ ಮಾಡುತ್ತ ಬೆಳಗಾವಿಯ ಓಣಿಗಳು, ಖಾನಾಪುರದ ಸಂತೆ, ಅದರಾಚೆಯ ಹಳ್ಳಿಗಳೆಂದು ಮೊಪೆಡ್ ಮೇಲೆ ತಿರುಗುತ್ತೇನೆ. ಒಂದೇ ಕಡೆ ಕೂತರೆ ಕಾಲು ಜೋಮು ಹಿಡಿಯುತ್ತದೆ. ಟಿಳಕವಾಡಿಯಲ್ಲಿ ಒಂದು ಖೋಲಿ ಇದೆ. ಅದು ಬಟ್ಟೆ ಒಣಗಿಸುವುದಕ್ಕೆ.

೧. ಹೆಸರು ಹೇಳ್ರಿ

ನಮ್ಮ ಓಣಿಯ ದವಾಖಾನೆಯಲ್ಲಿ ಒಬ್ಬರು ಲೇಡಿ ಡಾಕ್ಟರಿದ್ದಾರೆ. ನೆಗಡಿಯಿಂದ ನಾಯಿ ಕಡಿತದವರೆಗೆ ಎಲ್ಲಕ್ಕೂ ಅವರೇ. ನಾನು ಇನ್ಸುಲಿನ್ ಚುಚ್ಚಿಕೊಂಡು ಊಟ ಮರೆತು ತಿರುಗುವವನು, ಸಕ್ಕರೆ ಇಳಿದದ್ದೂ ನನಗೆ ತಿಳಿಯುವುದಿಲ್ಲ ಎಂದು ಗೊತ್ತಾದ ಮೇಲೆ, ತಮಗೆ ಬಂದಿದ್ದ ಉಚಿತ ಬಿಲ್ಲೆಗಳಲ್ಲಿ ಕೆಲವನ್ನು ನನಗೆಂದು ತೆಗೆದಿಟ್ಟರು. ಒಂದನ್ನು ತೋಳಿಗೆ ಒತ್ತಿ, ನನ್ನ ಮೊಬೈಲು ಇಸಕೊಂಡು ಕೇಳಿದರು:

“ಇಲ್ಲೆ ಒಬ್ಬರ ನಂಬರ್ ಹಾಕಬೇಕ್ರಿ. ನಿಮ್ದು ಇಳಿದ್ರ ಅವರ ಫೋನೂ ಒದರ್ತೈತಿ. ಅವರು ನಿಮಗ ಫೋನ್ ಹಚ್ಚಿ ಎಚ್ಚರಸ್ತಾರ. ಯಾರ್ದು ಹಾಕೂಣು?”

“ನಿಮ್ದ ಹಾಕ್ರಿ, ಬಾಯಾರ.”

“ಇದ್ದ ಪೇಷಂಟ್ ಎಲ್ಲಾರೂ ನನ್ನ ನಂಬರ್ ಹಾಕಿದ್ರ ನಂಗ ಹುಚ್ಚ ಹಿಡೀತೈತಿ. ಮನಿ ಮಂದೀದು ಹೇಳ್ರಿ.”

“ಮನಿ ಐತ್ರಿ. ಮಂದಿ ಇಲ್ಲ.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಆಮೇಲೆ ತೀರ್ಪು ಕೊಟ್ಟರು: “ನಿಮ್ಮ ಸಕ್ಕರಿ ನೋಡೋರು ಒಬ್ಬರು ಖಾಯಂ ಸಿಗೋತನಕ ಖಾನಾಪುರ ರಸ್ತಾಕ್ಕ ಗಾಡಿ ಹಚ್ಚೂಹಂಗಿಲ್ಲ. ನಡುದಾರ್ಯಾಗ ಸಕ್ಕರಿ ಇಳದು ಬಿದ್ರಿ ಅಂದ್ರ? ಬರೇ ಹೆಸರು ಹೇಳಿದ್ರ ನಡ್ಯೂದಿಲ್ಲ, ಮನಷ್ಯಾರನ್ನ ಕರಕೊಂಡು ಬರ್ರಿ.”

ಉಪ್ಪು ಬಿಡು ಅಂದಿದ್ದರೆ ಬಿಡುತ್ತಿದ್ದೆ. ಅನ್ನ ಬಿಡು ಅಂದಿದ್ದರೂ ಬಿಡುತ್ತಿದ್ದೆ. ತಿರುಗುವುದನ್ನು ಬಿಟ್ಟು ಖೋಲಿಯಲ್ಲಿ ಕೂತು ಏನು ಮಾಡಲಿ? ಹೊರಗೆ ಬಂದು ಮೊಬೈಲಿನಲ್ಲಿದ್ದ ಹೆಸರುಗಳನ್ನೆಲ್ಲ ಮೇಲಿನಿಂದ ಕೆಳಗೆ ನೋಡಿದೆ. ‘ಅಡಿಗಿಮನಿ ಸೋರಿಕೆ’, ‘ಕುಕ್ಕರ್ ಸೀಟಿ’, ‘ಮೂರು ಬರ್ನರ್’. ಮನುಷ್ಯರ ಹೆಸರು ಬರೆದುಕೊಳ್ಳುವ ರೂಢಿಯೇ ನನಗಿರಲಿಲ್ಲ.

೨. ಗುಡ್ಡ

ಮೊದಲು ಹಾಕಿದ್ದು ಸ್ಟೇಶನ್ ಹತ್ತಿರದ ಚಹಾದಂಗಡಿಯವನ ನಂಬರು. ದಿನಾ ನನ್ನ ಮುಖ ನೋಡುವವನು ಅವನೊಬ್ಬನೇ. ಅವನೂ ಖುಷಿಯಿಂದ ಒಪ್ಪಿದ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲು ತೆಗೆದು ನನ್ನ ಸಕ್ಕರೆಯ ಗೆರೆ ನೋಡುವುದೇ ಅವನಿಗೊಂದು ಮೋಜಾಯಿತು.

ಒಂದು ಸಂಜೆ ಹೋಗಿ ಅಂಗಡಿಯ ಬೆಂಚಿನ ಮೇಲೆ ಕೂತೆ. ಅವನು ಚಹಾ ಸೋಸದೆ ವಿಚಾರಣೆ ಶುರು ಮಾಡಿದ.

“ಮಿಸ್ತ್ರಿ, ಇವತ್ತ ಮಧ್ಯಾಹ್ನದ ಮುಂದ ಎಲ್ಲಿದ್ರಿ?”

“ಸದಾಶಿವನಗರದಾಗ. ಕೆಲಸದ ಮ್ಯಾಲ.”

“ಅಲ್ಲೆ ಏನ್ ಕುಡದ್ರಿ?”

ಖರೇ ಹೇಳುತ್ತೇನೆ, ‘ಎಲ್ಲಿದ್ರಿ’ ಎಂದು ನನ್ನನ್ನು ಯಾರಾದರೂ ಕೇಳಿ ಯಾವ ಕಾಲವಾಗಿತ್ತೋ. ಬೈಸಿಕೊಳ್ಳುವುದಕ್ಕೂ ಹಿತವಾಗಿತ್ತು. “ಒಂದೀಟು ಚಹಾ ಕೊಟ್ರು” ಅಂದೆ.

“ಹ್ಞಾಂ! ನಂಗ ಗೊತ್ತಾತು. ಇಲ್ಲೆ ನೋಡ್ರಿ, ಗುಡ್ಡ ಎದ್ದೈತಿ. ಇದು ನಮ್ಮ ಚಹಾದ ಗುಡ್ಡ ಅಲ್ಲ. ನಮ್ದು ಇಷ್ಟ ಎತ್ತರ ಇರ್ತೈತಿ.” ಬೆರಳಿನಿಂದ ಅಳತೆ ತೋರಿಸಿದ. “ನಮ್ಮ ಅಂಗಡಿ ಬಿಟ್ಟು ಬ್ಯಾರೆ ಕಡೆ ಕುಡೀತೀರಿ. ಅದನ್ನ ನಾ ಕುಂತಲ್ಲೆ ಹಿಡೀತೀನಿ!”

ನಾನು ಮೊಬೈಲಿನೊಳಗೆ ಬಗ್ಗಿ ನೋಡಿದೆ. “ಅಲ್ರಿ, ನಿಮ್ಮಲ್ಲೆ ನಾ ಬಿನಸಕ್ಕರಿ ಚಹಾ ಕುಡೀತೀನಲ್ಲ? ಅದಕ್ಕ ಗುಡ್ಡ ಯಾಕ ಏಳ್ತೈತಿ?”

ಅವನು ಸೋಸುವ ಅರಿವೆ ಹಿಂಡುತ್ತ ನಿಂತ. ಆಚೀಚೆ ನೋಡಿ ದನಿ ಇಳಿಸಿದ. “ಬಿನಸಕ್ಕರಿ ಅಂದ್ರ ಪೂರಾ ಬಿನಸಕ್ಕರಿ ಅಲ್ರಿ. ಸ್ವಲ್ಪ ಹಾಕ್ತೀನಿ. ಏನೂ ಹಾಕದಿದ್ರ ಚಹಾ ಸಪ್ಪಗ ಆಗ್ತೈತಿ, ಅಂಗಡಿ ಹೆಸರು ಕೆಡ್ತೈತಿ.”

ಅಂದೇ ನನ್ನ ಮೊಬೈಲು ಇಸಕೊಂಡು ತನ್ನ ನಂಬರು ಅಳಿಸಿದ. ಅವನಲ್ಲಿ ಬಿನಸಕ್ಕರೆ ಕುಡಿಯುವವರು ಇನ್ನೂ ಬಹಳ ಮಂದಿ ಇದ್ದರು. ಎಲ್ಲರ ತೋಳಿಗೂ ಬಿಲ್ಲೆ ಬಂದರೆ ಅವನ ಗತಿ ಏನು?

೩. ಸಾಖರಪುಡಾ

ಗಾಡಿ ಬಂದ್ ಆಗಿತ್ತಲ್ಲ, ಸಾಮಾನಿನ ಚೀಲ ಹೊತ್ತು ಖಾನಾಪುರಕ್ಕೆ ಬಸ್ಸಿನಲ್ಲಿ ಹೊರಟೆ. ಆ ಬಸ್ಸಿನಲ್ಲಿ ಒಂದು ಬೀಗರ ದಿಬ್ಬಣ. ಹುಡುಗಿಯ ಮನೆಗೆ ಸಾಖರಪುಡಾ ಒಯ್ಯುತ್ತಿದ್ದರು. ಅಂದರೆ ನಿಶ್ಚಿತಾರ್ಥದ ಸಕ್ಕರೆ ಪೊಟ್ಟಣ. ನಾನು ಕಿಟಕಿಗೆ ಒರಗಿ ನಿದ್ದೆ ಹೋದೆ.

ಪೀರನವಾಡಿ ದಾಟಿದ ಮೇಲೆ ಮೊಬೈಲು ಕಿರುಚತೊಡಗಿತು. ಸಕ್ಕರೆ ತೀರಾ ಇಳಿದಿದೆ ಎಂದು ತೋರಿಸುತ್ತಿತ್ತು. ನಾನು ನಿದ್ದೆಗಣ್ಣಿನಲ್ಲಿ, “ಸಕ್ಕರಿ, ಸಕ್ಕರಿ” ಅಂದೆ.

“ಕಾಯ್ ಝಾಲ?” ಎಂದು ಒಬ್ಬಳು ಎದ್ದಳು. “ಏನಾತು, ಏನಾತು?” ಎಂದು ಇಡೀ ಬಸ್ಸು ಎದ್ದಿತು. ದಿಬ್ಬಣದ ಹಿರಿಯ ಹಿಂದೆ ಮುಂದೆ ನೋಡದೆ ಪೊಟ್ಟಣ ಹರಿದು ನನ್ನ ಬಾಯಿಗೆ ಸಕ್ಕರೆ ಸುರಿದ. ಯಾರೋ ಬಾಳೆಹಣ್ಣು ತುರುಕಿದರು. ಯಾರೋ ಕುಂದಾ ತಿನಿಸಿದರು. ಇಷ್ಟು ಕೈಗಳು ಒಟ್ಟಿಗೆ ನನ್ನ ಬಾಯಿಯ ಹತ್ತಿರ ಹಿಂದೆಂದೂ ಬಂದಿರಲಿಲ್ಲ. ಬೇಡ ಅನ್ನಲು ಮನಸ್ಸಾಗಲಿಲ್ಲ, ಎಲ್ಲ ನುಂಗಿದೆ.

ಡಾಕ್ಟರು ಆಮೇಲೆ ಹೇಳಿದರು: ಬಿಲ್ಲೆ ಇರುವ ತೋಳಿನ ಮೇಲೆ ಭಾರ ಹಾಕಿ ಮಲಗಿದರೆ ಅದು ಸುಳ್ಳೇ ಇಳಿದಂತೆ ತೋರಿಸುತ್ತದಂತೆ. ನನ್ನ ಸಕ್ಕರೆ ಇಳಿದೇ ಇರಲಿಲ್ಲ. ಬಸ್ಸು ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೊಬೈಲು ಮತ್ತೆ ಕಿರುಚಿತು.

“ಈಗ್ಯಾಕ ಒದರಾಕತ್ತೈತಿ?” ಕಂಡಕ್ಟರ್ ಕೇಳಿದ.

“ಈಗ ಏರಿ ಕುಂತೈತ್ರಿ.”

“ಏರಿದ್ರ ಏನ್ ಮಾಡಬೇಕು?”

“ನಡೀಬೇಕಂತ್ರಿ.”

ಬಸ್ಸಿನಲ್ಲಿ ಒಂದು ಗಳಿಗೆ ಚರ್ಚೆ ನಡೆಯಿತು. “ನಡೀಲಿ ಬಿಡ್ರಿ, ಆರೋಗ್ಯದ ಪ್ರಶ್ನೆ ಐತಿ” ಎಂದು ಎಲ್ಲರೂ ಒಂದೇ ಮಾತಿನಲ್ಲಿ ತೀರ್ಮಾನಿಸಿ, ಚೀಲವನ್ನು ಪ್ರೀತಿಯಿಂದ ಹೆಗಲಿಗೇರಿಸಿ, ಖಾನಾಪುರ ಇನ್ನೂ ಕಾಣದ ಕಡೆ ನನ್ನನ್ನು ಇಳಿಸಿದರು. ಹೀಗೆ ಈ ವಯಸ್ಸಿನಲ್ಲಿ ನನ್ನ ಸಾಖರಪುಡಾ ಆಯಿತು. ಸಕ್ಕರೆ ತಿನಿಸಿದವರೇ ಹೊರಗೂ ಹಾಕಿದರು.

೪. ಪರಾರಿ

ಪಕ್ಕದ ಖೋಲಿಗೆ ಒಬ್ಬ ಕಾಕಾ ಬಂದರು. ಹಿಂಡಲಗಾ ಜೈಲಿನಲ್ಲಿ ಕೈದಿಗಳನ್ನು ಕಾಯುವ ನೌಕರಿ ಮಾಡಿ ನಿವೃತ್ತರಾದವರು. ವಿಷಯ ಹೇಳಿದೆ. “ಕಾಯೂದ? ಅದು ನನಗ ಬಿಡು” ಎಂದು ಎದೆ ಉಬ್ಬಿಸಿದರು.

ಅಲ್ಲಿಂದ ಮುಂಜಾನೆ ಹಾಜರಿ, ಸಂಜೆ ಹಾಜರಿ. “ಎಲ್ಲೆ ಹೊಂಟಿ? ಯಾರನ್ನ ಕೇಳಿ ಹೊಂಟಿ? ಎಷ್ಟೊತ್ತಿಗೆ ತಿರುಗಿ ಬರ್ತಿ?” ನನ್ನಂಥ ಅಲೆಮಾರಿ ಇಂಥವರ ಕೈಗೆ ಸಿಕ್ಕದ್ದು ನೋಡಿ.

ಒಂದು ದಿನ ಗಿರಾಕಿಯೊಬ್ಬಳ ಮನೆಯಲ್ಲಿ ಮೊಬೈಲು ಚಾರ್ಜಿಗೆ ಹಾಕಿ, ಅದನ್ನು ಅಲ್ಲೇ ಮರೆತು, ಕೋಟೆ ಕೆರೆಯ ದಂಡೆಗೆ ಹೋಗಿ ಕೂತೆ. ಮೊಬೈಲು ದೂರವಾದರೆ ಬಿಲ್ಲೆಯ ಸುದ್ದಿ ನಿಂತುಹೋಗುತ್ತದೆ. ಕಾಕಾರ ಫೋನಿನಲ್ಲಿ ನನ್ನ ಗೆರೆ ತಟ್ಟನೆ ಮಾಯ. ಅವರು ಫೋನ್ ಹಚ್ಚಿದರೆ ಆ ಗಿರಾಕಿ ಎತ್ತಿ, “ಮಿಸ್ತ್ರಿ ಫೋನ್ ಬಿಟ್ಟು ಕೆರಿ ಕಡೆ ಹೋಗ್ಯಾರ್ರಿ” ಅಂದಿದ್ದಾಳೆ.

“ಫೋನ್ ಬಿಟ್ಟು ಹೋದ್ನಾ? ಹಂಗಾರ ಪಕ್ಕಾ ಪ್ಲ್ಯಾನ್ ಐತಿ!”

ನಾನು ಚುರಮುರಿ ಮೆಲ್ಲುತ್ತ ನೀರು ನೋಡುತ್ತಿದ್ದೆ. ಹಿಂದಿನಿಂದ ಸೀಟಿ ಕೇಳಿಸಿತು. ಕಾಕಾ ಆಟೋದಿಂದ ಹಾರಿ ನನ್ನ ತೋಳು ಹಿಡಿದರು. ಎಂಥ ಹಿಡಿತ! ಬಿಲ್ಲೆ ಕಿತ್ತು ಅವರ ಕೈಗೇ ಬಂತು. ಮಂದಿ ಕೂಡಿದರು.

“ಏನ್ ಮಾಡ್ಯಾನ್ರಿ ಇಂವ?” ಯಾರೋ ಕೇಳಿದರು.

“ಏನೂ ಮಾಡಿಲ್ಲ. ಹೇಳದ ಹೋಗಿದ್ದ.”

ಆಟೋದವನು ನನ್ನನ್ನೇ ನೋಡಿ, “ಹೇಳದ ಹೋದ್ರ ಹುಡುಕ್ಕೋತ ಬರೋರು ಅದಾರಲ್ರಿ ನಿಮಗ. ನಮ್ಮನ್ಯಾಗ ಹೇಳಿ ಹೋದ್ರೂ ಯಾರೂ ತಲಿ ಎತ್ತೂದಿಲ್ಲ” ಅಂದ.

ಇವರೇ ಖಾಯಂ ಎಂದು ಡಾಕ್ಟರ ಹತ್ತಿರ ಕರೆದೊಯ್ಯುವವನಿದ್ದೆ. ಅಷ್ಟರಲ್ಲಿ ಕಾಕಾ ಮಗಳ ಮನೆಗೆ ಧಾರವಾಡಕ್ಕೆ ಹೊರಟರು. ಹೋಗುವಾಗ ಮೊಬೈಲಿನಿಂದ ನನ್ನನ್ನು ತೆಗೆದು, ಬೆನ್ನು ತಟ್ಟಿ ಹೇಳಿದರು: “ಬಿಡುಗಡಿ ಮಾಡೀನಿ, ತಮ್ಮಾ. ಒಟ್ಟಿನ್ಯಾಗ ನಿನ್ನ ನಡತಿ ಛಲೋ ಇತ್ತು.”

೫. ಹಳೇ ನಂಬರು

ಪಕ್ಕದ ಖೋಲಿಗೆ ಬೀಗ ಬಿತ್ತು. ಯಾರೂ ಹಾಜರಿ ಕೇಳದ ಮುಂಜಾನೆಗಳು ಉದ್ದವಾದವು. ಆಗ ನೆನಪಾದದ್ದು ಖಾನಾಪುರದ ಗೆಳೆಯ. ಹರೆಯದಲ್ಲಿ ಇಬ್ಬರೂ ಒಂದೇ ಹಂಚಿನ ಲಾರಿಯಲ್ಲಿದ್ದೆವು. ಹಂಚಿನ ಮೇಲೆ ಹುಲ್ಲು ಹಾಸಿ ಮಲಗುತ್ತಿದ್ದೆವು. ಎಷ್ಟೋ ವರ್ಷಗಳಿಂದ ಮಾತಿಲ್ಲ, ಜಗಳವೂ ಇಲ್ಲ. ನಂಬರು ಮಾತ್ರ ಬಾಯಿಪಾಠ. ಇಷ್ಟು ದಿನದ ಮೇಲೆ ಫೋನ್ ಮಾಡಿ ಏನು ಹೇಳುವುದು? ಅವನ ಹೆಸರು ಹಾಕಿ ಆ ನಂಬರಿಗೆ ನನ್ನ ಸಕ್ಕರೆ ನೋಡುವ ಮೆಸೇಜು ಸುಮ್ಮನೆ ಕಳಿಸಿದೆ. ಮರುದಿನ ಅವನು ಒಪ್ಪಿದನೆಂದು ಮೊಬೈಲು ಹೇಳಿತು.

ನನಗಾದ ಸಂತೋಷ ಅಷ್ಟಿಷ್ಟಲ್ಲ. ಅವನು ಮಾತಾಡದಿದ್ದರೇನು, ನೋಡುತ್ತಿದ್ದಾನೆ! ಹೊತ್ತಿಗೆ ಸರಿಯಾಗಿ ಉಣ್ಣತೊಡಗಿದೆ. ತಾಟಿನ ಮುಂದೆ ಕೂತು, “ನೋಡ್ ದೋಸ್ತಾ, ಎರಡ ರೊಟ್ಟಿ, ಬ್ಯಾಳಿ ಅಷ್ಟ” ಎಂದು ಮೊಬೈಲಿಗೆ ಹೇಳುತ್ತಿದ್ದೆ.

ಒಂದು ದಿನ ಪಥ್ಯ ತಪ್ಪಿತು. ವಾಸ್ತುಶಾಂತಿಯ ಮನೆಯೊಂದರಲ್ಲಿ ಅಡಿಗೆಯವರ ದೊಡ್ಡ ಶೆಗಡಿ ರಿಪೇರಿ ಮಾಡಿಕೊಟ್ಟೆ; ಬಟ್ಟಲು ತುಂಬ ಬಾಸುಂದಿ ಕೊಟ್ಟರು. ಉಂಡು ಸ್ವಲ್ಪ ಅಡ್ಡಾಗಿ ಎದ್ದು ಚೀಲ ಹೊರುವಷ್ಟರಲ್ಲಿ ಫೋನು ಬಂತು. ಗೆಳೆಯನ ಹೆಸರು! ಚೀಲ ಕೆಳಗಿಟ್ಟು ಎತ್ತಿದೆ. “ದೋಸ್ತಾ!” ಅಂದೆ.

“ಯಾವ ದೋಸ್ತ? ನಾ ಮುದುಕಿ ಮಾತಾಡಾಕತ್ತೀನಿ. ಮಶೀನ್ ಕಳಿಸಿದವ್ರು ನೀವ ಏನು? ನಿಮ್ಮ ಮಶೀನ್ ಕೆಟ್ಟೈತಿ. ಇವತ್ತ ಏಕಾದಶಿ. ಮುಂಜಾನಿಂದ ನಾ ಬರೇ ನೀರು ಕುಡದೀನಿ. ಇದು ಮುನ್ನೂರು ಅಂತೈತಿ!”

ನನಗೆ ನಿಧಾನವಾಗಿ ಹೊಳೆಯಿತು. “ಆಯಿ, ಅದು ನಿಮ್ದಲ್ರಿ, ನನ್ನ ಸಕ್ಕರಿ. ನಾ ಈಗ ಬಾಸುಂದಿ ತಿಂದೆ.”

“ನೀ ತಿಂದ್ರ ನನಗ್ಯಾಕ ಏರ್ತೈತೋ ಮೂಳಾ?”

ಆದದ್ದಿಷ್ಟು. ಆಯಿ ಖಾನಾಪುರದ ಬಾಜಾರದಲ್ಲಿ ಮಣ್ಣಿನ ಗಡಿಗೆ ಮಾರುವಾಕೆ. ಆಕೆಗೂ ಸಕ್ಕರೆ ಕಾಯಿಲೆ, ಗುಳಿಗೆ ನುಂಗುತ್ತಾಳೆ. ಅಲ್ಲಿಯ ಡಾಕ್ಟರು, “ಬಟ್ಟು ಚುಚ್ಚದನ ಮೊಬೈಲಿನ್ಯಾಗ ಕಾಣೋ ಹೊಸಾ ಮಶೀನ್ ಬಂದೈತಿ, ತರಸ್ತೀನಿ” ಅಂದಿದ್ದರಂತೆ. ನನ್ನ ಮೆಸೇಜು ಬಂದಾಗ ಅದೇ ಬಂತೆಂದು ತಿಳಿದು, ಮೊಬೈಲ್ ಅಂಗಡಿಯವನಿಂದ ಎಲ್ಲ ಹಾಕಿಸಿಕೊಂಡಿದ್ದಳು.

“ಮೈಗೆ ಏನೂ ಹಚ್ಚದ ನನ್ನ ಸಕ್ಕರಿ ಕಾಣ್ತೈತಿ, ಕಾಲ ಎಷ್ಟ ಮುಂದ ಹೋಗೇತಿ ಅಂತ ಓಣಿಗೆಲ್ಲಾ ಹೇಳೀನಲ್ಲೋ! ಮೊನ್ನೆ ಇಳೀತಂತ ಒದರಿದಾಗ ಅಂಜಿ ಒಂದು ಮುಷ್ಟಿ ಬೆಲ್ಲ ತಿಂದೆ.”

“ಇಳಿದಿದ್ದು ನಂದ್ರಿ, ಆಯಿ.”

“ತಿಂದಾಕಿ ನಾ! ಆಮ್ಯಾಲ ಏರಿತಲ್ಲ ಮತ್ತ?”

“ನಾನೂ ತಿಂದೆನ್ರಿ. ಬೆಲ್ಲಾನ.”

ಆಕೆ ನಕ್ಕಳು. ಈ ನಂಬರು ಮೊದಲು ಯಾರದಿತ್ತು ಎಂದು ಕೇಳಿದೆ. “ಯಾರಿಗ್ಗೊತ್ತು? ಅಂಗಡಿಯಾಂವ ಕೊಟ್ಟಾನ. ಮೊದಮೊದಲ ಯಾರ್ಯಾರೋ ಫೋನ್ ಮಾಡಿ ಹಂಚಿನ ಲಾರಿ ಕೇಳ್ತಿದ್ರು. ಈಗ ಯಾರೂ ಮಾಡೂದಿಲ್ಲ.”

ಗೆಳೆಯನ ನಂಬರು ಯಾವಾಗಲೋ ಕೈ ಬದಲಾಯಿಸಿತ್ತು. “ನಿಮ್ಮ ನಂಬರ್ ತಗೀತೀನಿ, ಆಯಿ” ಅಂದೆ.

“ತಗೀಬ್ಯಾಡ. ಮುಂಜಾನಿ ಎದ್ದ ಕೂಡಲೇ ಅದನ್ನ ನೋಡೂದು ರೂಢಿ ಆಗೇತಿ. ಆದ್ರ ಬಾಸುಂದಿ ಮುಟ್ಟಬ್ಯಾಡ, ನಂಗ ಏರ್ತೈತಿ.”

ಡಾಕ್ಟರು ಮನುಷ್ಯರನ್ನೇ ಕರೆತರಲು ಹೇಳಿದ್ದರಲ್ಲ. ಆಯಿ ರೈಲು ಹತ್ತಿ ಬಂದಳು, ತಲೆಯ ಮೇಲೆ ನನಗೆಂದು ಒಂದು ಗಡಿಗೆ. ಡಾಕ್ಟರು ಮೊದಲು ಆಕೆಯ ಬೆರಳು ಚುಚ್ಚಿ, ಆಕೆಯ ಸಕ್ಕರೆಯೇ ಬೇರೆ ಎಂದು ತೋರಿಸಿದರು. ಆಯಿ ಆ ಅಂಕಿ ನೋಡಿ, “ಇದರ ಮ್ಯಾಲ ಭರೋಸಾ ಇಡಬ್ಯಾಡ್ರಿ, ಬಾಯಾರ” ಅಂದಳು.

“ಆಯಿ, ಇವರದು ಇಳಿದ್ರ ಏನ್ ಮಾಡ್ತೀರಿ?”

“ಫೋನ್ ಹಚ್ಚಿ ಮೊದಲ ಛಲೋತ್ನಂಗ ಬೈತೀನಿ. ಆಮ್ಯಾಲ ಬೆಲ್ಲ ತಿನ್ನಂತೀನಿ.”

“ಮೊದಲ ಬೆಲ್ಲ, ಆಮ್ಯಾಲ ಬೈರಿ. ಆತು, ಮಿಸ್ತ್ರಿ, ಗಾಡಿ ತಗೀರಿ.” ಡಾಕ್ಟರು ಕಂಪ್ಯೂಟರಿನತ್ತ ತಿರುಗಿದರು. “ಇಲ್ಲೆ ಸಂಬಂಧ ಏನಂತ ಬರೀಬೇಕು. ಆಯಿ, ನೀವು ಇವರಿಗೆ ಏನಾಗಬೇಕು?”

ನಾನು ಬಾಯಿ ತೆರೆಯುವಷ್ಟರಲ್ಲಿ ಆಯಿ ಸೆರಗು ಸರಿಮಾಡಿಕೊಂಡು, ನನ್ನ ತೋಳಿನ ಮೇಲೆ ಕೈಯಿಟ್ಟು ಹೇಳಿದಳು:

“ಸಂಬಂಧ ಗಿಂಬಂಧ ಏನಿಲ್ರಿ, ಬಾಯಾರ. ಸಕ್ಕರಿ ನಂದು. ಇವನ ತೋಳಿನ್ಯಾಗ ಇಟ್ಟೀನಿ, ಅಷ್ಟ.”