ಏಳನೇ ಟೇಬಲ್ಲಿನ ಲೆಕ್ಕ

ಬಾರಿನಲ್ಲಿ ಲೆಕ್ಕ ತಪ್ಪುವುದು ಕುಡಿದವರಿಂದ ಅಂತ ಲೋಕ ನಂಬಿಕೊಂಡಿದೆ. ನಾನು ಕಂಡಂತೆ ತಪ್ಪುವುದೆಲ್ಲ ಕೌಂಟರಿನ ಒಳಗೆ, ಹನಿಯೂ ಮುಟ್ಟದವರಿಂದ. ಅದೂ ವಾರಕ್ಕೆರಡು ಸಲ, ತಪ್ಪದೆ.

ನನ್ನ ವಿದ್ಯೆ ಎಷ್ಟು ಅಂತ ಮೊದಲೇ ಹೇಳಿಬಿಡುತ್ತೇನೆ. ಶಾಲೆಯಲ್ಲಿ ಮೇಷ್ಟ್ರು ಏಳರ ಮಗ್ಗಿ ಕೇಳೋಕೆ ನನ್ನ ಕಡೆ ಕೋಲು ತೋರಿಸಿ "ಏಳು" ಅಂದರು. ಎದ್ದೆ. ಎದ್ದವನು ಹಾಗೇ ಹೊರಗೆ ಬಂದೆ. ಲಾರಿ, ಇಟ್ಟಿಗೆ ಗೂಡು, ಕುರಿ ಸಂತೆ ಎಲ್ಲ ಸುತ್ತಿದ್ದಾಯಿತು, ಇವತ್ತಿನವರೆಗೂ ಎಲ್ಲೂ ಸರಿಯಾಗಿ ಕೂತಿಲ್ಲ. ಹಿಂದೂಪುರದ ಬಾರೊಂದರಲ್ಲಿ ಬಡಿಸುವ ಕೆಲಸಕ್ಕೆ ಸೇರಿದ್ದೂ ಅದಕ್ಕೇ. ಅಲ್ಲಿ ಕೂರುವುದು ಗಿರಾಕಿಯ ಪಾಲು, ನಿಲ್ಲುವುದು ನಮ್ಮ ಪಾಲು.

ಯಜಮಾನರು ವಯಸ್ಸಾದವರು. ಕಲ್ಯಾಣದುರ್ಗದಲ್ಲಿ ಇನ್ನೊಂದು ಬಾರು ಕಟ್ಟಿಸುತ್ತಿದ್ದರು. ಅದು ತನ್ನ ಕೈಗೇ ಬರಬೇಕು ಅಂತ ಅವರ ಅಳಿಯನ ಆಸೆ. ಅಳಿಯ ಡಿಗ್ರಿಯಲ್ಲಿ ಲೆಕ್ಕ ಓದಿದವನು. ಓದಿದ್ದನ್ನು ಮರೆತಿದ್ದ, ಓದಿದ್ದೇನೆ ಅನ್ನೋದನ್ನು ಮಾತ್ರ ಮರೆತಿರಲಿಲ್ಲ. ಯಜಮಾನರು ಒಂದು ಮಾತಿಟ್ಟರು: "ಯುಗಾದಿ ಗಂಟ ಹಿಂದೂಪುರದ್ದು ನಡೆಸ್ರಿ, ಅಳಿಯಂದ್ರೆ. ಗಿರಾಕಿ ಒಬ್ಬನೂ ಮುನಿಸ್ಕಂಡು ಎದ್ದೋಗ್ಬಾರ್ದು. ಅಂಗೆ ನಡೆಸಿಬುಟ್ರೆ ಕಲ್ಯಾಣದುರ್ಗದ ಬೀಗದಕೈ ನಿಮ್ದು."

ಆ ಬೀಗದಕೈ ಅವರ ಉಡಿದಾರದಲ್ಲೇ ನೇತಾಡುತ್ತಿತ್ತು. ಅವತ್ತಿನಿಂದ ಅಳಿಯ ಮಾವನ ಮುಖ ನೋಡಿ ಮಾತಾಡಿದ್ದನ್ನು ನಾನು ಕಾಣೆ, ಸೊಂಟ ನೋಡಿಯೇ ಮಾತಾಡುತ್ತಿದ್ದ.

ಕಾಲು

ಸೆಟ್ಟೂರಿನ ಕುರಿ ವ್ಯಾಪಾರಿಯೊಬ್ಬ ಸಂತೆ ಮುಗಿಸಿ ಬಂದು ಫುಲ್ ಬಾಟಲಿ ಕೇಳಿದ. ಫುಲ್ ಖಾಲಿಯಾಗಿತ್ತು.

"ನಾಲ್ಕು ಕ್ವಾರ್ಟರ್ ತಗೊಳ್ಳಿ," ಅಂದ ಅಳಿಯ. "ಕ್ವಾರ್ಟರ್ ಅಂದ್ರೆ ಕಾಲು. ನಾಲ್ಕು ಕಾಲು ಸೇರಿದ್ರೆ ಒಂದು. ಇದು ಗಣಿತ." ಗಣಿತ ಅವನ ಮನೆದೇವರು ಅನ್ನೋ ಹಾಗಿತ್ತು ಆ ದನಿ.

ವ್ಯಾಪಾರಿ ನಾಲ್ಕನ್ನೂ ತಗೊಂಡ. ಪಕ್ಕದ ಟೇಬಲ್ಲಿನ ಕೆಳಗೆ ಬಿದ್ದಿದ್ದ ಖಾಲಿ ಫುಲ್ ಬಾಟಲಿ ಎತ್ತಿಕೊಂಡು, ನಾಲ್ಕೂ ಕ್ವಾರ್ಟರನ್ನು ಅದರೊಳಕ್ಕೆ ಬಗ್ಗಿಸಿದ. ತುಂಬಲಿಲ್ಲ. ತುಂಬುವುದೂ ಇಲ್ಲ. ಕ್ವಾರ್ಟರಿನ ಮೇಲೆ ನೂರೆಂಬತ್ತು ಎಂ.ಎಲ್. ಅಂತಲೂ ಫುಲ್ಲಿನ ಮೇಲೆ ಏಳುನೂರೈವತ್ತು ಅಂತಲೂ ಅಚ್ಚಾಗಿರುತ್ತದೆ. ನಾಲ್ಕು ಸಲ ನೂರೆಂಬತ್ತು ಅಂದರೆ ಏಳುನೂರಿಪ್ಪತ್ತೇ, ಒಂದು ಸಣ್ಣ ಪೆಗ್ಗು ಕಮ್ಮಿ. ಆದರೆ ನಮ್ಮ ಅಳಿಯ ಬಾಟಲಿ ಓದಿದವನಲ್ಲವಲ್ಲ, ಡಿಗ್ರಿ ಓದಿದವನು.

"ನಾಲ್ಕು ಕಾಲಿದ್ರೂ ಕುಂಟ್ತದಲ್ಲಪ್ಪ ನಿನ್ ಫುಲ್ಲು! ಇಂಥ ಕುರಿನ ಸಂತೇಲಿ ನಾನು ಮುಟ್ಟೂ ನೋಡಾಕಿಲ್ಲ," ಅಂತ ವ್ಯಾಪಾರಿ ಕುರ್ಚಿಯಿಂದ ಅರ್ಧ ಎದ್ದ.

ಅಳಿಯ ಓಡಿಬಂದು ಅವನ ಹೆಗಲು ಅದುಮಿ ಕೂರಿಸಿ, ಸಣ್ಣ ಪೆಗ್ಗೊಂದನ್ನು ಬಿಟ್ಟಿಯಾಗಿ ಸುರಿದ. ವ್ಯಾಪಾರಿ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ತಲೆಯಾಡಿಸಿದ. "ಅಂಗೆ ಬಾ ದಾರಿಗೆ. ನಿಮ್ಮೂರ ಕುರಿ ನಿಲ್ಲಬೇಕಂದ್ರೆ ಐದು ಕಾಲು ಬೇಕು ಕಣಪ್ಪ."

ಹತ್ತು

ನಾವು ಟೇಬಲ್ಲುಗಳನ್ನು ಫ್ಯಾನಿನ ಕೆಳಗಿಂದು, ಕಂಬದ ಪಕ್ಕದ್ದು, ಕೈ ತೊಳೆಯೋ ಕಡೇದು ಅಂತ ಕರೆಯುತ್ತಿದ್ದೆವು. ಒಂದು ದಿನವೂ ಕೋಳಿ ದಾರಿ ತಪ್ಪಿರಲಿಲ್ಲ. ಅಳಿಯನಿಗೆ ಇದು ಅನಾಗರಿಕ ಅನ್ನಿಸಿತು. ಒಂದರಿಂದ ಹನ್ನೊಂದರವರೆಗೆ ನಂಬರು ಬರೆಸಿದ. ಅಡುಗೆಮನೆ ಕಿಂಡಿಗೆ ಪ್ಲೇಟು ಬಂದ ಕೂಡಲೇ ಅವನು ಕೌಂಟರಿನಿಂದ ನಂಬರು ಕೂಗಬೇಕು, ನಾನು ಒಯ್ಯಬೇಕು.

ಮೊದಲನೇ ಸಂಜೆಯೇ ಕೂಗಿದ: "ಹತ್ತು! ಬೇಗ! ಹತ್ತು!"

ಹತ್ತನೇ ಟೇಬಲ್ಲಿನಲ್ಲಿ ಲಾರಿ ಡ್ರೈವರೊಬ್ಬ ಒಬ್ಬನೇ ಕೂತಿದ್ದ. ವಿಧೇಯ ಮನುಷ್ಯ. ಕುರ್ಚಿ ಮೇಲೊಂದು ಕಾಲಿಟ್ಟ, ಟೇಬಲ್ ಮೇಲೊಂದು ಕಾಲಿಟ್ಟ, ಗ್ಲಾಸು ಹಿಡಿದುಕೊಂಡೇ ನೆಟ್ಟಗೆ ನಿಂತ.

"ಹತ್ತಿದೀನಿ ಸಾಮಿ. ಮುಂದೇನು, ಎಗರ್ಲಾ?"

ಏಡು

ತಪ್ಪು ತನ್ನದಲ್ಲ, ಕನ್ನಡದ್ದು ಅಂತ ಅಳಿಯ ತೀರ್ಮಾನಿಸಿದ. "ಕನ್ನಡ ಗಣಿತಕ್ಕೆ ಲಾಯಕ್ಕಿಲ್ಲ. ಇನ್ಮೇಲೆ ತೆಲುಗು."

"ಇಂಗ್ಲಿಷಲ್ಲಿ ಕೂಗಿ ಸಾರ್," ಅಂದೆ.

"ನಿಂಗೆ ಸೆವೆನ್ ಯಾವ್ದು ಲೆವೆನ್ ಯಾವ್ದು ಅಂತ ತಿಳೀತದೇನ್ಲಾ?"

ತಿಳಿಯುತ್ತಿರಲಿಲ್ಲ, ನಿಜ.

ತೆಲುಗಿನಲ್ಲಿ ಹತ್ತಕ್ಕೆ ಪದಿ. ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಏಳಕ್ಕೆ ಏಡು. ತೆಲುಗಿನಲ್ಲಿ ಏಡು ಅಂದರೆ ಅಳು ಅಂತಲೂ ಆಗುತ್ತದೆ ಅನ್ನೋದು ಹಿಂದೂಪುರದಲ್ಲಿ ಹಸುಗೂಸಿಗೂ ಗೊತ್ತು. ಅಳಿಯನಿಗೆ ಗೊತ್ತಿರಲಿಲ್ಲ ಅಂತಲ್ಲ, ಗಣಿತದ ಮುಂದೆ ಅದು ಅವನ ನೆನಪಿಗೆ ಬರಲಿಲ್ಲ.

ಏಳನೇ ಟೇಬಲ್ಲಿನಲ್ಲಿ ಬೋರ್‌ವೆಲ್ ಲಾರಿಯ ದಪ್ಪ ಮೀಸೆಯವನೊಬ್ಬ ಕೂತಿದ್ದ. "ಏಡು! ಎಂತಸೇಪು? ಏಡು!" ಅಂತ, ಎಷ್ಟೊತ್ತು ಅನ್ನೋದನ್ನೂ ತೆಲುಗಿನಲ್ಲೇ ಸೇರಿಸಿ, ಅಳಿಯ ಕೂಗಿದ. ಮೀಸೆಯವನು ಕೌಂಟರನ್ನೇ ನೋಡಿದ. ಮೀಸೆ ಅದುರಿತು. ಟೇಬಲ್ಲಿನ ಮೇಲೆ ತಲೆಯಿಟ್ಟು ಹೋ ಅಂತ ಶುರುಮಾಡಿದ.

ಯಾಕಪ್ಪ ಅಂದರೆ, "ನಮ್ಮಪ್ಪ ಸತ್ತಾಗ್ಲೂ ಎಲ್ರೂ ಅಳಬ್ಯಾಡ ಅಳಬ್ಯಾಡ ಅಂದ್ರು ಕಣಣ್ಣ. ಅಳು ಅಂದ ಪುಣ್ಯಾತ್ಮ ಅಂದ್ರೆ ನಿಮ್ ಸಾವ್ಕಾರ್ರೊಬ್ರೇ!"

ಅವನ ಅಳು ಎಂಟಕ್ಕೂ ಒಂಬತ್ತಕ್ಕೂ ಹಬ್ಬಿತು. ಯಾರೂ ಎದ್ದು ಹೋಗಲಿಲ್ಲವಾದ್ದರಿಂದ ಅಳಿಯನಿಗೆ ಸಮಾಧಾನವೇ. ಆದರೆ ಹೊಸದಾಗಿ ಒಳಗೆ ಬರುವವರು ಸಾವಿನ ಮನೆ ಅಂದುಕೊಂಡು ಬಾಗಿಲಲ್ಲೇ ಚಪ್ಪಲಿ ಬಿಡತೊಡಗಿದರು.

ಏಳು

ಅಲ್ಲಿಗೆ ಏಳೊಂದನ್ನು ಮಾತ್ರ ಅಳಿಯ ಮತ್ತೆ ಕನ್ನಡಕ್ಕೆ ತಂದ. "ಸಾರ್, ಕನ್ನಡದಲ್ಲಿ ಏಳು ಅಂದ್ರೆ..." ಅಂತ ನಾನು ಬಾಯಿ ತೆಗೆದೆ. "ಲೆಕ್ಕ ನಂಗೆ ಬಿಡು," ಅಂದ. ಬಿಟ್ಟೆ. ಆದರೂ ಹುಷಾರಿಗೆ ಅಂತ, ಕಿವಿ ಮಂದವಾದ ಗಿರಾಕಿಗಳನ್ನೇ ಹುಡುಕಿ ಏಳಕ್ಕೆ ಕೂರಿಸುತ್ತಿದ್ದೆ.

ಯುಗಾದಿ ಹಿಂದಿನ ಸಂಜೆ ನಾನು ಹಿತ್ತಲಲ್ಲಿ ಸೋಡಾ ಇಳಿಸುತ್ತಿದ್ದಾಗ ಯಜಮಾನರು ಬಂದರು. ಬೀಗದಕೈ ಒಪ್ಪಿಸೋದಕ್ಕೆ ಸಾಕ್ಷಿ ಇರಲಿ ಅಂತ ಬೆಳುಗುಪ್ಪದ ನೆಂಟರೊಬ್ಬರನ್ನು ಕರೆತಂದಿದ್ದರು. ಸೆಕೆ. ಫ್ಯಾನಿನ ಕೆಳಗೆ ಕೂತರು. ಫ್ಯಾನಿನ ಕೆಳಗಿಂದೇ ಏಳು. ಉಡಿದಾರದಿಂದ ಬೀಗದಕೈ ಬಿಚ್ಚಿ ಟೇಬಲ್ಲಿನ ಮೇಲಿಟ್ಟರು.

ಅಳಿಯ ಆ ಕಡೆ ಮುಖ ಮಾಡಿ ಬಾಟಲಿ ಜೋಡಿಸುತ್ತಿದ್ದ. ಏಳರ ಗಿರಾಕಿ ಕೋಳಿ ಹೇಳಿ ಕೈ ತೊಳೆಯೋಕೆ ಹೋಗಿದ್ದ, ಆ ಪ್ಲೇಟು ಕಿಂಡಿಯಲ್ಲಿ ತಣ್ಣಗಾಗುತ್ತಿತ್ತು. ನಾನು ಕಾಣದ್ದಕ್ಕೆ ಅವನಿಗೆ ರೇಗಿತು. ತಿರುಗದೆಯೇ ಕೂಗಿದ:

"ಏಳು! ಏಳು ಅಂದ್ರೆ ಕೇಳಕ್ಕಿಲ್ವಾ? ಇದು ಎಷ್ಟೊತ್ತು ಅಂತ ಇಲ್ಲೇ ಕೂತಿರ್ತದೆ? ಏಳು!"

ನಾನು ಓಡಿ ಬರುವಷ್ಟರಲ್ಲಿ ನೆಂಟರು ಎದ್ದು ನಿಂತಿದ್ದರು. ಯಜಮಾನರು ಟೇಬಲ್ಲಿಗೆ ಕೈ ಊರಿ ನಿಧಾನಕ್ಕೆ ಎದ್ದರು.

"ನನ್ ಬಾರಲ್ಲಿ ನನ್ನೇ ಏಳು ಅಂತೀಯಾ? ಅದೂ 'ಇದು' ಅಂತಾ?"

ಅಳಿಯ ತಿರುಗಿದ. ಮುಖ ಸೋಡಾದ ಬಣ್ಣಕ್ಕೆ ಬಂತು. "ಅಯ್ಯೋ, ನಿಮಗಲ್ಲ ಮಾವ! ಅದು ನಂಬರು!" ಕನ್ನಡ ಕೈಕೊಟ್ಟಿತು ಅಂತ ಗಾಬರಿಯಲ್ಲಿ ತೆಲುಗಿಗೆ ಹಾರಿದ. "ಏಡು, ಮಾವ! ಏಡು!"

"ಎಬ್ಬಿಸಿದ್ದೂ ಅಲ್ದೆ ಅಳು ಬೇರೆ ಅಂತೀಯೇನ್ಲಾ?" ಅಂದವರೇ ಯಜಮಾನರು ಬೀಗದಕೈ ಎತ್ತಿಕೊಂಡು ಉಡಿದಾರಕ್ಕೆ ಬಿಗಿದರು. "ಒಬ್ಬನೂ ಎದ್ದೋಗ್ಬಾರ್ದು ಅಂದಿದ್ದೆ. ನಾನೇ ಎದ್ದೆ."

ಅಳಿಯ ಕ್ಯಾಲ್ಕುಲೇಟರ್ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕುಸಿದ. ಅವನ ಅಪ್ಪನ ಊರು ಕುಂದುರ್ಪಿ. ಅಲ್ಲಿಗೆ ಹೋಗುವ ಬಸ್ಸು ರಸ್ತೆಯಾಚೆ ನಿಂತು ಹಾರನ್ ಹೊಡೆಯುತ್ತಿತ್ತು. ಯಜಮಾನರು ಸ್ಟೂಲಿನ ಕಡೆ ಬೆರಳು ತೋರಿಸಿ ಅಂದರು:

"ಏಳು."

ಬಸ್ಸಿನ ಕಡೆ ಬೆರಳು ತೋರಿಸಿ ಅಂದರು:

"ಹತ್ತು."

ಅಳಿಯ ಗುಂಡಿ ಒತ್ತಿದ.

"ಹದಿನೇಳು, ಮಾವ."